ಮಣಿ ಪೋಣಿಸುವ ಮುನ್ನ: ಹನ್ನೆರಡು ತಪ್ಪು ಕಲ್ಪನೆ, ಹನ್ನೆರಡು ವಾಸ್ತವ

ಶ್ರಾವಣ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ದುರ್ಗದ ಬೈಲು, ಶಹಾ ಬಜಾರ್ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಧಾರವಾಡದ ಸುಭಾಸ ರಸ್ತೆಯದ್ದೂ ಅದೇ ಕತೆ. ಬಳೆ, ಪಿನ್ನು, ಲೇಸು ಮಾರುವ ಅಂಗಡಿಗಳಲ್ಲೇ ಈಗ ಬಿಡಿ ಮಣಿಯ ಪಾಕೀಟು, ಕಲ್ಲುಮಣಿಯ ಲಡಿ, ಹುಕ್ಕು, ಗೇರ್ ವೈರ್ ಎಲ್ಲ ಸಿಗುತ್ತವೆ. ಇಳಕಲ್ ಸೀರೆಗೆ ಒಪ್ಪುವ ಸರ, ಗುಳೇದಗುಡ್ಡ ಖಣದ ಕುಪ್ಪಸಕ್ಕೆ ಹೊಂದುವ ಕಿವಿಯೋಲೆ ಮನೆಯಲ್ಲೇ ಮಾಡಿಕೊಳ್ಳುವ ಹೆಣ್ಣುಮಕ್ಕಳು ಓಣಿಗೆ ಒಬ್ಬಿಬ್ಬರಾದರೂ ಇದ್ದಾರೆ.

ಈ ಸೀಮೆಗೆ ಮಣಿ ಹೊಸದಲ್ಲ. ಕರಿಮಣಿ, ಬೋರಮಾಳ, ಅವಲಕ್ಕಿ ಸರ, ಗುಂಡಿನ ಟೀಕಿ, ಹವಳದ ಸರ ಇವೆಲ್ಲ ಅಜ್ಜಿಯರ ಕಾಲದಿಂದ ಕೊರಳಲ್ಲಿದ್ದವು. ಆದರೆ ಪೋಣಿಸುವ ಕೆಲಸ ಮನೆಯದಾಗಿರಲಿಲ್ಲ. ಸರಾಫ ಅಂಗಡಿಗಳ ಪಕ್ಕ ಕುಳಿತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆ ಹೊಸೆದು, ಗಂಟು ಕಾಣದಂತೆ ಕಟ್ಟಿಕೊಡುವ ಕಸುಬುದಾರರು ಅದನ್ನು ಮಾಡುತ್ತಿದ್ದರು. ಈಗ ಆ ಕೆಲಸ ಮೊಬೈಲ್ ವಿಡಿಯೊ ಹಿಡಿದುಕೊಂಡು ಮನೆಯೊಳಗೆ ಬಂದಿದೆ. ಒಂದು ನಿಮಿಷದ ವಿಡಿಯೊದಲ್ಲಿ ಮಣಿಯ ಬಣ್ಣ ಕಾಣುತ್ತದೆ, ಗಂಟು ಹಾಕುವ ಕೈ ಕಾಣುವುದಿಲ್ಲ. ಹಾಗಾಗಿ ಬಾಯಿಂದ ಬಾಯಿಗೆ ಹರಿದ ತಪ್ಪು ತಿಳಿವಳಿಕೆಗಳೇ ಪಾಠವಾಗಿಬಿಟ್ಟಿವೆ.

ಸರ ಹರಿದಾಗ ಮಣಿಯನ್ನು ಬೈಯುವವರೇ ಹೆಚ್ಚು. ಸರದ ಆಯುಷ್ಯ ನಿಂತಿರುವುದು ಕಣ್ಣಿಗೆ ಬೀಳದ ಮೂರು ಸಂಗತಿಗಳ ಮೇಲೆ: ಒಳಗಿನ ದಾರ, ತುದಿಯ ಗಂಟು, ಹಿಡಿದ ಅಳತೆ. ಕೆಳಗಿನ ಮಾತುಗಳನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ 1: “ಮಣಿ ಛಲೋ ಇದ್ರ ಸಾಕ್ರಿ, ದಾರ ಯಾವುದಾದ್ರೇನು?”

ವಾಸ್ತವ: ದಾರವೇ ಮೊದಲ ಆಯ್ಕೆ, ಮಣಿ ಎರಡನೆಯದು. ಹೊಲಿಗೆ ಮಷೀನಿನ ಹತ್ತಿ ದಾರ ಬೆವರು ಕುಡಿದು ಕೊಳೆಯುತ್ತದೆ. ಮೇಲಿನಿಂದ ಚೆನ್ನಾಗಿಯೇ ಕಾಣುವ ಸರ ಒಂದು ದಿನ ಬಸ್ಸಿನಲ್ಲಿ ತಟ್ಟನೆ ಹರಿಯುವುದು ಇದೇ ಕಾರಣಕ್ಕೆ. ಯಾವ ಮಣಿಗೆ ಯಾವ ದಾರ ಎಂಬುದನ್ನು ಹೀಗೆ ನೆನಪಿಡಬಹುದು. ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗೆ ಹೊಸೆದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ. ಮುತ್ತಿಗೆ ರೇಷ್ಮೆ ಇಲ್ಲವೇ ನೈಲಾನ್, ಅದೂ ಮಣಿಮಣಿಯ ನಡುವೆ ಗಂಟು ಹಾಕಿ. ಹೀಗೆ ಮಾಡಿದರೆ ಮುತ್ತು ಮುತ್ತಿಗೆ ತಿಕ್ಕುವುದಿಲ್ಲ, ಸರ ಹರಿದರೂ ಒಂದೇ ಮುತ್ತು ಉದುರುತ್ತದೆ. ತೂಕದ ಕಲ್ಲು, ಲೋಹದ ಮಣಿಗೆ ಗೇರ್ ವೈರ್, ಅಂದರೆ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಲೇಪಿಸಿದ ತಂತಿ. ಹುಕ್ಕಿಲ್ಲದ ಕೈಸರಕ್ಕೆ ಎಲಾಸ್ಟಿಕ್.

ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕು ಬೀಳುವುದು ಕಡಿಮೆ. ಸೂಜಿ ತೂರದಷ್ಟು ಸಣ್ಣ ತೂತಿದ್ದರೆ ದಾರದ ತುದಿಗೆ ಒಂದಿಂಚು ಉಗುರಿನ ಬಣ್ಣ ಹಚ್ಚಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿ. ಆ ತುದಿಯೇ ಸೂಜಿಯಾಗುತ್ತದೆ.

ತಪ್ಪು ಕಲ್ಪನೆ 2: “ತಂಗೂಸ ಹಾಕ್ರಿ, ಜನ್ಮದಾಗ ಹರಿಯಂಗಿಲ್ಲ.”

ವಾಸ್ತವ: ಮೀನು ಹಿಡಿಯುವ ತಂಗೂಸ ಎಳೆದರೆ ಗಟ್ಟಿ, ನಿಜ. ಆದರೆ ಅದು ಒಂದೇ ಎಳೆಯ ನೈಲಾನ್. ಬಿಸಿಲು ತಾಗಿ, ದಿನ ಕಳೆದಂತೆ ಪೆಡಸಾಗಿ ಮುರಿಯುತ್ತದೆ. ಸುರುಳಿಯಲ್ಲಿ ಸುತ್ತಿಟ್ಟ ವಕ್ರ ಹಾಗೇ ಉಳಿದು ಸರ ಕೊರಳಿನ ಮೇಲೆ ಸರಿಯಾಗಿ ಕೂರುವುದಿಲ್ಲ. ನುಣುಪಾದ್ದರಿಂದ ಗಂಟೂ ಜಾರುತ್ತದೆ. ಮಕ್ಕಳ ಆಟಕ್ಕೆ, ಬಾಗಿಲ ತೋರಣಕ್ಕೆ ತಂಗೂಸ ಸಾಕು. ವರ್ಷಗಟ್ಟಲೆ ಹಾಕುವ ಸರಕ್ಕೆ ಬೇಡ.

ಇನ್ನೊಂದು ಶತ್ರು ಮಣಿಯೊಳಗೇ ಇರುತ್ತದೆ. ಅಗ್ಗದ ಗಾಜಿನ ಕೊಳವೆ ಮಣಿಯ, ಲೋಹದ ಮಣಿಯ ತೂತಿನ ಅಂಚು ಬ್ಲೇಡಿನಷ್ಟು ಹರಿತವಾಗಿರಬಹುದು. ಪೋಣಿಸುವ ಮುನ್ನ ಒಂದು ತುಂಡು ದಾರವನ್ನು ತೂತಿನಲ್ಲಿ ಏಳೆಂಟು ಸಲ ಹಿಂದೆ ಮುಂದೆ ಎಳೆಯಿರಿ. ದಾರಕ್ಕೆ ಜುಂಗು ಎದ್ದರೆ ಆ ಮಣಿ ಪಕ್ಕಕ್ಕಿಡಿ. ಕೊಳವೆ ಮಣಿ ಬೇಕೇಬೇಕು ಎಂದರೆ ಅದರ ಎರಡೂ ತುದಿಗೆ ಒಂದೊಂದು ಸಣ್ಣ ದುಂಡು ಮಣಿ ಕೂಡಿಸಿ. ಆಗ ಹರಿತದ ಅಂಚು ದಾರಕ್ಕೆ ನೇರ ತಾಗುವುದಿಲ್ಲ.

ತಪ್ಪು ಕಲ್ಪನೆ 3: “ಗಂಟ ಹಾಕಿ ಒಂದ ಹನಿ ಫೆವಿಕ್ವಿಕ್ ಬಿಡ್ರಿ, ಮುಗೀತು.”

ವಾಸ್ತವ: ಥಟ್ಟನೆ ಅಂಟುವ ಗೋಂದು ಒಣಗಿದಾಗ ಕಲ್ಲಿನಂತೆ ಬಿರುಸಾಗುತ್ತದೆ. ಅದು ಹೀರಿಕೊಂಡ ದಾರದ ಭಾಗವೂ ಬಿರುಸಾಗಿ, ಬಾಗಿದಾಗ ಗಂಟಿನ ಪಕ್ಕದಲ್ಲೇ ಮುರಿಯುತ್ತದೆ. ಅದರ ಆವಿ ಸುತ್ತಲಿನ ಮಣಿಯ ಮೇಲೆ ಬೆಳ್ಳಗೆ ಮಬ್ಬು ಕೂರಿಸುವುದೂ ಉಂಟು. ಅಂಟಿನ ಸಹಾಯ ಬೇಕಿದ್ದರೆ ಒಣಗಿದ ಮೇಲೂ ಬಾಗುವಂಥ ಆಭರಣದ ಅಂಟು ತನ್ನಿ, ಸೂಜಿಮೊನೆಯಷ್ಟು ಹಚ್ಚಿ.

ಮುಖ್ಯವಾದದ್ದು ಗಂಟು. ಸಾಮಾನ್ಯ ಗಂಟಿನಲ್ಲಿ ದಾರವನ್ನು ಒಂದು ಸಲ ಸುತ್ತುತ್ತೇವೆ. ಎಲಾಸ್ಟಿಕ್ಕಿಗೆ ಎರಡು ಸಲ ಸುತ್ತಿ ಎಳೆಯಿರಿ, ಅದರ ಮೇಲೆ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ಹಾಕಿ. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹಾಕುವ ಗಂಟು ಇದೇ. ಬಾಲವನ್ನು ಬುಡಕ್ಕೇ ಕತ್ತರಿಸದೆ ಪಕ್ಕದ ಎರಡು ಮೂರು ಮಣಿಗಳೊಳಗೆ ತೂರಿಸಿ. ಎಲಾಸ್ಟಿಕ್ಕನ್ನು ಪೋಣಿಸುವ ಮೊದಲೇ ಎರಡೂ ಕೈಯಿಂದ ನಾಲ್ಕಾರು ಸಲ ಜಗ್ಗಿ ಬಿಡಬೇಕು. ಇಲ್ಲದಿದ್ದರೆ ವಾರದೊಳಗೆ ಸಡಿಲಾಗಿ ಮಣಿಗಳ ನಡುವೆ ಸಂದಿ ಕಾಣುತ್ತದೆ. ನೈಲಾನ್, ಪಾಲಿಯೆಸ್ಟರ್ ದಾರದ ತುದಿಯನ್ನು ಲೈಟರಿನ ಕಾವಿಗೆ ಹಿಡಿದರೆ ಕರಗಿ ಗುಂಡಾಗುತ್ತದೆ. ಹತ್ತಿ, ರೇಷ್ಮೆಗೆ ಇದು ನಡೆಯುವುದಿಲ್ಲ, ಸುಟ್ಟು ಹೋಗುತ್ತವೆ.

ಗೇರ್ ವೈರಿಗೆ ಗಂಟು ಹಾಕಲೇಬಾರದು. ಅದಕ್ಕೆ ಗೇರ್ ಲಾಕ್ ಎಂಬ ಪುಟ್ಟ ಲೋಹದ ಕೊಳವೆ ಇದೆ. ತಂತಿಗೆ ಮೊದಲು ಗೇರ್ ಲಾಕ್, ಆಮೇಲೆ ಹುಕ್ಕಿನ ಉಂಗುರ ತೂರಿಸಿ. ತಂತಿಯ ತುದಿಯನ್ನು ತಿರುಗಿಸಿ ಅದೇ ಗೇರ್ ಲಾಕಿನೊಳಗೆ ವಾಪಸು ತನ್ನಿ. ಒಳಗೆ ಎರಡೂ ತಂತಿ ಒಂದರ ಮೇಲೊಂದು ಏರದೆ ಅಕ್ಕಪಕ್ಕ ಇರುವಂತೆ ನೋಡಿಕೊಂಡು ಮೂತಿ ಪಕ್ಕಡಿನಿಂದ ಅದುಮಿ. ಏರಿ ಕೂತರೆ ಅದುಮಿದಾಗ ಒಂದು ತಂತಿ ಇನ್ನೊಂದನ್ನು ಕೊಯ್ಯುತ್ತದೆ. ಕೊನೆಗೆ ಹುಕ್ಕು ಹಿಡಿದು ಜೋರಾಗಿ ಜಗ್ಗಿ ನೋಡಿ. ಜಾರುವುದಿದ್ದರೆ ಈಗಲೇ ಜಾರಲಿ, ಮದುವೆಮನೆಯಲ್ಲಿ ಬೇಡ.

ತಪ್ಪು ಕಲ್ಪನೆ 4: “ಬಿಗಿಯಾಗಿ ಎಳದಷ್ಟೂ ಸರ ಗಟ್ಟಿ.”

ವಾಸ್ತವ: ಬಿಗಿದ ಸರ ಕೋಲಿನಂತೆ ಸೆಟೆದು ನಿಲ್ಲುತ್ತದೆ, ಕೊರಳ ಸುತ್ತ ಇಳಿಯುವುದಿಲ್ಲ. ಪ್ರತಿ ಮಣಿಯೂ ಪಕ್ಕದ್ದನ್ನು ಒತ್ತುತ್ತ, ಬಾಗಿದಾಗಲೆಲ್ಲ ಆ ಒತ್ತಡ ಗಂಟಿನ ಮೇಲೆ ಬೀಳುತ್ತದೆ. ಗೇರ್ ವೈರಿನಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲು ಬಿಡಿ. ಎರಡನೇ ತುದಿ ಮುಚ್ಚುವ ಮುನ್ನ ಸರವನ್ನು ಟೇಬಲಿನ ಮೇಲೆ ಕೊರಳಿನ ಆಕಾರಕ್ಕೆ ದುಂಡಗೆ ಇಟ್ಟು ನೋಡಿ. ನೇರ ಇಟ್ಟಾಗ ಸರಿ ಕಂಡದ್ದು ದುಂಡಗಾದಾಗ ಬಿಗಿಯುತ್ತದೆ. ಇದಕ್ಕೆ ತದ್ವಿರುದ್ಧ ತಪ್ಪೂ ಇದೆ: ತೀರ ಸಡಿಲು ಬಿಟ್ಟರೆ ದಾರ ಹೊರಗೆ ಕಂಡು, ಮಣಿ ಓಡಾಡಿ ಅದೇ ಜಾಗದಲ್ಲಿ ದಾರ ಸವೆಯುತ್ತದೆ.

ತಪ್ಪು ಕಲ್ಪನೆ 5: “ಹನ್ನೊಂದ ನಂಬರ್ ಅಂದ್ರ ಎಂಟ ನಂಬರಕ್ಕಿಂತ ದೊಡ್ಡ ಮಣಿ.”

ವಾಸ್ತವ: ಸಣ್ಣ ಗಾಜಿನ ಮಣಿಯ ಲೆಕ್ಕ ಉಲ್ಟಾ. ನಂಬರ್ ಏರಿದಷ್ಟೂ ಮಣಿ ಸಣ್ಣದು. 6 ನಂಬರಿನದು ಸುಮಾರು 4 ಮಿಲಿಮೀಟರ್, 8 ನಂಬರಿನದು 3, 11 ನಂಬರಿನದು 2 ಮಿಲಿಮೀಟರ್. ಕಲ್ಲು, ಮುತ್ತು, ಮರದ ಮಣಿಗಳಿಗೆ ಈ ನಂಬರ್ ಇಲ್ಲ, ನೇರ ಮಿಲಿಮೀಟರಿನಲ್ಲೇ ಕೇಳಬೇಕು. ಹೊಸಬರು 8 ನಂಬರಿನಿಂದ ಶುರುಮಾಡುವುದು ಒಳ್ಳೆಯದು, ಕಣ್ಣಿಗೂ ಸೂಜಿಗೂ ಹಗುರ.

ಒಂದೇ ಪಾಕೀಟಿನ ಮಣಿಗಳೆಲ್ಲ ಸಮ ಇರುತ್ತವೆ ಎಂದೂ ನಂಬಬೇಡಿ. ಜಪಾನಿನ ಹಿರೋಶಿಮಾ ಪ್ರಾಂತ್ಯದ ಮಿಯುಕಿ, ತೊಹೊ ಕಂಪನಿಗಳ ಮಣಿ ಒಂದರಂತೆ ಒಂದು ಇರುತ್ತವೆ, ಬೆಲೆಯೂ ಹಾಗೇ ಇರುತ್ತದೆ. ನಮ್ಮ ಪೇಟೆಯ ಸಾದಾ ಪಾಕೀಟಿನಲ್ಲಿ ದಪ್ಪ, ತೆಳು, ಓರೆ, ತೂತು ಮುಚ್ಚಿದ್ದು ಎಲ್ಲ ಬೆರೆತಿರುತ್ತವೆ. ಕೆಲಸಕ್ಕೆ ಕೂರುವ ಮುನ್ನ ಪರಾತದಲ್ಲಿ ಹಳೆಯ ಟಾವೆಲ್ ಹಾಸಿ, ಅದರ ಮೇಲೆ ಮಣಿ ಸುರಿದು ಆರಿಸಿಕೊಳ್ಳಿ. ಟಾವೆಲಿನ ಮೇಲೆ ಮಣಿ ಉರುಳುವುದಿಲ್ಲ, ಸೂಜಿಯ ತುದಿಗೆ ಸಲೀಸಾಗಿ ಏರುತ್ತದೆ. ಪಾಕೀಟಿಗೆ ಹತ್ತರಲ್ಲಿ ಒಂದು ಪಾಲು ಹೋಯಿತು ಎಂದೇ ಲೆಕ್ಕ ಹಿಡಿದು ಖರೀದಿ ಮಾಡಿ. ಅರ್ಧ ಸರಕ್ಕೆ ಬಂದಾಗ ಮಣಿ ತೀರಿದರೆ ಅದೇ ಬಣ್ಣ ಮತ್ತೆ ಸಿಗುವ ಭರವಸೆ ಇಲ್ಲ.

ತಪ್ಪು ಕಲ್ಪನೆ 6: “ಕೈ ಸುತ್ತ ದಾರ ಹಿಡದ ಅಳತಿ ತಗೊಂಡ್ರ ಆತು.”

ವಾಸ್ತವ: ಕೈಸರ ಬಿಗಿಯಾಗುವ ತಪ್ಪಿನ ಮೂಲ ಇಲ್ಲಿದೆ. ದಾರ ಹಾದುಹೋಗುವುದು ಮಣಿಯ ನಡುಮಧ್ಯದಲ್ಲಿ, ಚರ್ಮಕ್ಕೆ ತಾಗುವುದು ಮಣಿಯ ಒಳಮೈ. ಆದ್ದರಿಂದ ಮಣಿ ದಪ್ಪವಾದಷ್ಟೂ ಒಳಗಿನ ಸುತ್ತು ಕಿರಿದಾಗುತ್ತದೆ. ಲೆಕ್ಕ ಸುಲಭ: ಮಣಿಕಟ್ಟಿನ ಸುತ್ತಳತೆಗೆ ಮಣಿಯ ದಪ್ಪದ ಮೂರು ಪಟ್ಟಿಗಿಂತ ತುಸು ಹೆಚ್ಚು ಕೂಡಿಸಬೇಕು. ಮಣಿಕಟ್ಟು 16 ಸೆಂಟಿಮೀಟರ್ ಇದ್ದರೆ 4 ಮಿಲಿಮೀಟರ್ ಮಣಿಗೆ 17.3 ಸೆಂಟಿಮೀಟರ್ ಸಾಕು, ಸುಮಾರು 43 ಮಣಿ. ಅದೇ ಕೈಗೆ 10 ಮಿಲಿಮೀಟರ್ ಮಣಿ ಹಾಕುವುದಾದರೆ 19.1 ಸೆಂಟಿಮೀಟರ್ ಬೇಕು, 19 ಮಣಿ. ಇದು ಚರ್ಮಕ್ಕೆ ಹತ್ತಿ ಕೂರುವ ಅಳತೆ. ಸಡಿಲು ಬೇಕೆನ್ನುವವರಿಗೆ ಇನ್ನೊಂದು ಸೆಂಟಿಮೀಟರ್ ಸೇರಿಸಿ.

ಕೊರಳ ಸರದ ಲೆಕ್ಕ ಇನ್ನೂ ನೇರ. 18 ಇಂಚು ಎಂದರೆ ಸುಮಾರು 45.7 ಸೆಂಟಿಮೀಟರ್. ಹುಕ್ಕು, ಉಂಗುರಕ್ಕೆ ಎರಡೂವರೆ ಸೆಂಟಿಮೀಟರ್ ಕಳೆದರೆ ಉಳಿಯುವುದು 43. ಅದಕ್ಕೆ 6 ಮಿಲಿಮೀಟರಿನ 72 ಮಣಿ, 8 ಮಿಲಿಮೀಟರಿನ 54 ಮಣಿ ಬೇಕು. ಕಲ್ಲುಮಣಿಯ ಲಡಿ ಸಾಮಾನ್ಯವಾಗಿ 15-16 ಇಂಚಿನದು, ಒಂದು ಲಡಿಯಲ್ಲಿ 18 ಇಂಚಿನ ಸರ ಆಗುವುದಿಲ್ಲ. ನಡುನಡುವೆ ಬೇರೆ ಗುಂಡು ಸೇರಿಸಿ ಉದ್ದ ಮಾಡಬೇಕು ಇಲ್ಲವೇ ಎರಡು ಲಡಿ ತರಬೇಕು. ಇದನ್ನು ಅಂಗಡಿಗೆ ಹೋಗುವ ಮೊದಲೇ ಚೀಟಿಯ ಮೇಲೆ ಬರೆದುಕೊಂಡರೆ ಎರಡನೇ ಸಲದ ಓಡಾಟ ತಪ್ಪುತ್ತದೆ.

ತಪ್ಪು ಕಲ್ಪನೆ 7: “ಗಾಜಿನ ಮಣಿ ಅಂದ್ರ ಜಾತ್ರಿ ಮಾಲು.”

ವಾಸ್ತವ: 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ತುಳಸಿ ಗೌಡರನ್ನು ನೆನಪಿಸಿಕೊಳ್ಳಿ. ಬರಿಗಾಲು, ಕೊರಳ ತುಂಬ ಮಣಿಸರ. ಅಂಕೋಲಾ, ಕುಮಟಾ ಸೀಮೆಯ ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳು ಹೀಗೆ ಹತ್ತಾರು ಎಳೆ ಮಣಿ ಧರಿಸುತ್ತಾರೆ. ಅದು ಅವರ ಗುರುತು, ಗೌರವ. ಹುಬ್ಬಳ್ಳಿ-ಧಾರವಾಡದ ಮುತ್ತೈದೆಯರು ದಿನಾ ಧರಿಸುವ ಕರಿಮಣಿಯೂ ಗಾಜಿನದೇ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆದಾಗ ಸಾವಿರಾರು ವರ್ಷ ಹಿಂದಿನ ಮಣಿಗಳು ಸಿಕ್ಕವು. ದಾರ ಎಂದೋ ಮಣ್ಣಾಗಿದ್ದರೂ ಮಣಿ ಉಳಿದಿತ್ತು.

ಇವತ್ತಿಗೂ ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ, ಆಂಧ್ರದ ಶ್ರೀಕಾಳಹಸ್ತಿ ಬಳಿಯ ಪಾಪಾನಾಯ್ಡುಪೇಟೆಯಲ್ಲಿ ಕುಲುಮೆ ಹಚ್ಚಿ ಗಾಜಿನ ಮಣಿ ಮಾಡುವ ಕುಟುಂಬಗಳಿವೆ. ಗುಜರಾತಿನ ಖಂಭಾತ್ ಅಗೇಟ್ ಕಲ್ಲಿನ ಮಣಿಗೆ ಹೆಸರುವಾಸಿ.

ಗಾಜೋ ಪ್ಲಾಸ್ಟಿಕ್ಕೋ ಎಂಬುದಕ್ಕಿಂತ ಬಣ್ಣ ಎಲ್ಲಿದೆ ಎಂಬುದನ್ನು ನೋಡಿ. ಗಾಜಿನೊಳಗೇ ಬೆರೆತ ಬಣ್ಣ ಹೋಗುವುದಿಲ್ಲ, ಮೇಲೆ ಬಳಿದದ್ದು ಬೆವರಿಗೆ ಬಿಡುತ್ತದೆ. ನಾಲ್ಕು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಡಿ. ಬೆಳಿಗ್ಗೆ ಬಟ್ಟೆಗೆ ಬಣ್ಣ ಹತ್ತಿದ್ದರೆ ನಿಮ್ಮ ರೇಷ್ಮೆ ಕುಪ್ಪಸಕ್ಕೂ ಹತ್ತುವುದು ಖಾತ್ರಿ.

ತಪ್ಪು ಕಲ್ಪನೆ 8: “ಹಲ್ಲಿಗೆ ತಿಕ್ಕಿ ನೋಡ್ರಿ, ಅಸಲಿ-ನಕಲಿ ಗೊತ್ತಾಗತೈತಿ.”

ವಾಸ್ತವ: ಅರ್ಧ ಸತ್ಯ. ಮುತ್ತಿನ ಮೇಲ್ಮೈ ಹಲ್ಲಿಗೆ ತರಿತರಿಯಾಗಿ ತಾಗುತ್ತದೆ, ಪ್ಲಾಸ್ಟಿಕ್ ಅಥವಾ ಗಾಜಿನದು ನುಣ್ಣಗೆ ಜಾರುತ್ತದೆ. ಆದರೆ ಮುತ್ತು ಸಮುದ್ರದ್ದೋ, ಸಿಹಿನೀರಿನದ್ದೋ, ತಾನಾಗಿ ಬೆಳೆದದ್ದೋ, ಬೆಳೆಸಿದ್ದೋ ಎಂಬುದನ್ನು ಹಲ್ಲು ಹೇಳಲಾರದು. ಬೆಲೆಯ ವ್ಯತ್ಯಾಸ ಇರುವುದು ಅಲ್ಲೇ.

ಮುಟ್ಟಿದರೆ ತಂಪಿದ್ದರೆ ಅಸಲಿ ಕಲ್ಲು ಎಂಬ ಮಾತೂ ಹಾಗೆಯೇ. ಗಾಜೂ ತಂಪಾಗಿರುತ್ತದೆ. ಫಿರೋಜಾ ಎಂದು ಮಾರುವ ಎಷ್ಟೋ ಮಣಿಗಳು ಹೌಲೈಟ್, ಮ್ಯಾಗ್ನೆಸೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಕುಡಿಸಿದವು. ಹವಳದಲ್ಲಿಯೂ ಬಣ್ಣ ಹಾಕಿದ್ದು ಸಾಕಷ್ಟಿದೆ. ಉಗುರಿನ ಬಣ್ಣ ಅಳಿಸುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ತೂತಿನ ಅಂಚು ಒರೆಸಿದಾಗ ಹತ್ತಿ ಕೆಂಪಾದರೆ ಅದು ಬಣ್ಣ ಕುಡಿದ ಹವಳ. ಹತ್ತಿ ಕೆಂಪಾಗಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ನೀರಿನಲ್ಲಿ ಮುಳುಗಿದರೆ ಅಸಲಿ ರುದ್ರಾಕ್ಷಿ, ತೇಲಿದರೆ ನಕಲಿ ಎಂಬ ಪರೀಕ್ಷೆಗೂ ಆಧಾರವಿಲ್ಲ. ರುದ್ರಾಕ್ಷಿ ಒಂದು ಮರದ ಬೀಜ. ಎಷ್ಟು ಬಲಿತಿದೆ, ಎಷ್ಟು ಒಣಗಿದೆ ಎಂಬುದರ ಮೇಲೆ ಅದು ಮುಳುಗುತ್ತದೆ ಅಥವಾ ತೇಲುತ್ತದೆ. ಸಾವಿರಾರು ರೂಪಾಯಿಯ ಮಣಿಯಾದರೆ ರತ್ನ ಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ನೂರಿನ್ನೂರರ ಮಣಿಯಾದರೆ ಕಣ್ಣಿಗೆ ಒಪ್ಪಿದ್ದು ಕೊಳ್ಳಿ, “ಅಸಲಿ” ಎಂದು ಹೇಳಿ ಮಾತ್ರ ಮಾರಬೇಡಿ.

ತಪ್ಪು ಕಲ್ಪನೆ 9: “ಗಿಡದ ಬೀಜ, ಅದರಾಗ ಏನ್ ಕೆಡಕ ಇರತೈತಿ?”

ವಾಸ್ತವ: ಇರುತ್ತದೆ, ಜೀವ ತೆಗೆಯುವಷ್ಟು ಇರುತ್ತದೆ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ, ಕೆಂಪು ಮೈ ಕಪ್ಪು ಕಣ್ಣಿನ ಗುಲಗಂಜಿಯಲ್ಲಿ ಅಬ್ರಿನ್ ಎಂಬ ಘೋರ ವಿಷ ಇದೆ. ಅದಕ್ಕೆ ಪ್ರತಿವಿಷ ಇಲ್ಲ. ಬೀಜ ಇಡಿಯಾಗಿದ್ದಾಗ ಗಟ್ಟಿ ಸಿಪ್ಪೆ ವಿಷವನ್ನು ಒಳಗೇ ಹಿಡಿದಿಟ್ಟಿರುತ್ತದೆ. ಸರಕ್ಕೆಂದು ತೂತು ಕೊರೆದ ಕ್ಷಣದಲ್ಲಿ ಆ ಕಾವಲು ಮುರಿಯುತ್ತದೆ. ಕೊರೆಯುವಾಗ ಏಳುವ ಪುಡಿ ಮಾಡುವವರಿಗೆ ಅಪಾಯ, ತೂತಾದ ಬೀಜ ಬಾಯಿಗೆ ಹಾಕುವ ಮಗುವಿಗೆ ಅಪಾಯ. ಬ್ರಿಟನ್ನಿನ ಕಾರ್ನ್‌ವಾಲಿನಲ್ಲಿರುವ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನ ತನ್ನ ಅಂಗಡಿಯಲ್ಲಿ ಮಾರಿದ ಇದೇ ಬೀಜದ ಕೈಸರಗಳನ್ನು 2011ರಲ್ಲಿ ವಾಪಸು ಕರೆಸಿಕೊಂಡಿತು. ಹರಳೆಣ್ಣೆಯ ಬೀಜಕ್ಕೂ ಇದೇ ಎಚ್ಚರಿಕೆ. ಗುಲಗಂಜಿಯ ಚೆಂದ ಬೇಕಿದ್ದರೆ ಕೆಂಪು-ಕಪ್ಪು ಗಾಜಿನ ಮಣಿ ತನ್ನಿ.

ಮಣಿ ಯಾವುದೇ ಇರಲಿ, ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ನೆಲದ ಮೇಲೆ ಕುಳಿತು ಪೋಣಿಸಬೇಡಿ. ಬಿದ್ದ ಮಣಿ ಕೂಸಿನ ಗಂಟಲಿಗೂ ಮೂಗಿಗೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಸಬರಿಗೆ ಹಿಡಿಯುವುದೂ ಈ ಕಸುಬಿನ ಭಾಗವೇ.

ತಪ್ಪು ಕಲ್ಪನೆ 10: “ಜರ್ಮನ್ ಸಿಲ್ವರ್ ಅಂದ್ರ ಕಡಿಮಿ ರೇಟಿನ ಬೆಳ್ಳಿ.”

ವಾಸ್ತವ: ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ತಾಮ್ರ, ನಿಕೆಲ್, ಸತು ಬೆರೆಸಿದ ಲೋಹ ಅದು. “ಒನ್ ಗ್ರಾಂ ಗೋಲ್ಡ್” ಎಂದರೂ ಒಂದು ಗ್ರಾಂ ಚಿನ್ನ ಇದೆ ಎಂದಲ್ಲ, ಹಿತ್ತಾಳೆ ಅಥವಾ ತಾಮ್ರದ ಮೇಲೆ ಚಿನ್ನದ ತೀರ ತೆಳುವಾದ ಲೇಪ. ಇವನ್ನು ಬಳಸುವುದು ತಪ್ಪಲ್ಲ. ಏನೆಂದು ತಿಳಿದು ಬಳಸಬೇಕು, ಏನೆಂದು ಹೇಳಿ ಮಾರಬೇಕು.

ತಿಳಿಯಬೇಕಾದ ಕಾರಣ ನಿಕೆಲ್. ಕೆಲವರ ಚರ್ಮಕ್ಕೆ ಅದು ಆಗದು. ಕಿವಿಯ ತೂತು ತುರಿಸಿ, ಕೆಂಪಾಗಿ, ನೀರು ಒಸರುತ್ತದೆ. ಒಮ್ಮೆ ಈ ಅಲರ್ಜಿ ಅಂಟಿಕೊಂಡರೆ ಜೀವನಪೂರ್ತಿ ಉಳಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಆಭರಣದಿಂದ ಚರ್ಮಕ್ಕೆ ಬಿಡುಗಡೆಯಾಗುವ ನಿಕೆಲ್‌ಗೆ ಕಾನೂನಿನ ಮಿತಿಯೇ ಇದೆ: ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂ. ಕಿವಿ-ಮೂಗಿನ ತೂತಿನೊಳಗೆ ಹೋಗುವ ಕಡ್ಡಿಗೆ ಇನ್ನೂ ಕಡಿಮೆ, 0.2. ಆದ್ದರಿಂದ ಕಿವಿಯೋಲೆಯ ಮಣಿ ಯಾವುದಾದರೂ ಇರಲಿ, ಕಿವಿಯೊಳಗೆ ಹೋಗುವ ಕೊಂಡಿ ಮಾತ್ರ ಬೆಳ್ಳಿಯದೋ ಸರ್ಜಿಕಲ್ ಸ್ಟೀಲಿನದೋ ಆಗಿರಲಿ. ಹಿತ್ತಾಳೆ, ತಾಮ್ರ ಹಾಕಿದಾಗ ಚರ್ಮ ಹಸಿರಾಗುವುದು ಬೇರೆ ವಿಷಯ. ಬೆವರಿಗೆ ತಾಮ್ರ ಕರಗಿ ಹತ್ತಿದ ಬಣ್ಣ ಅದು, ತೊಳೆದರೆ ಹೋಗುತ್ತದೆ.

ತಪ್ಪು ಕಲ್ಪನೆ 11: “ಮಾಸಿದ್ರ ಅಂಟವಾಳದ ನೀರಾಗ ಕುದಸ್ರಿ, ಹೊಸದರಂಗ ಆಗತೈತಿ.”

ವಾಸ್ತವ: ಅಂಟವಾಳದ ನೀರು ಗಟ್ಟಿ ಚಿನ್ನದ ಸರಪಳಿಗೆ ಸರಿ. ಪೋಣಿಸಿದ ಸರಕ್ಕೆ ಅಲ್ಲ. ರೇಷ್ಮೆ ದಾರ ನೀರು ಕುಡಿದರೆ ಜಗ್ಗುತ್ತದೆ, ಒಳಗೆ ಉಳಿದ ತೇವ ಅದನ್ನು ಕೊಳೆಸುತ್ತದೆ. ಮುತ್ತು, ಹವಳ ಎರಡೂ ಮೂಲತಃ ಸುಣ್ಣದ ಅಂಶ, ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಹುಳಿ, ಹುಣಸೆಹುಳಿ ಅವುಗಳ ಮೇಲ್ಮೈಯನ್ನೇ ತಿನ್ನುತ್ತವೆ. ಸೆಂಟು, ಹೇರ್ ಸ್ಪ್ರೇ ಕೂಡ ಹೊಳಪು ಕಳೆಯುತ್ತವೆ. ಬೋರಮಾಳದ ಗುಂಡಿನಲ್ಲಿ ಹೊರಗೆ ತೆಳು ಚಿನ್ನದ ಹಾಳೆ, ಒಳಗೆ ಅರಗು. ಕುದಿಯುವ ನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಗುಂಡು ತಗ್ಗು ಬೀಳುತ್ತದೆ. ಕಿವಿಯೋಲೆಯ ಕಲ್ಲು ಅಂಟಿನಿಂದ ಕೂರಿಸಿದ್ದಾದರೆ ಬಿಸಿನೀರಿಗೆ ಉದುರುತ್ತದೆ.

ಮೆತ್ತನೆ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಮಣಿಗಳನ್ನು ಒಂದೊಂದಾಗಿ ಒರೆಸಿ, ನೆರಳಿನಲ್ಲಿ ಆರಿಸಿ. ಅಷ್ಟು ಸಾಕು. ಸೆಂಟು-ಪೌಡರ್ ಮೊದಲು, ಸರ ಕೊನೆಗೆ. ತೆಗೆಯುವಾಗ ಸರ ಮೊದಲು. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಲೇಪದ ಲೋಹ ಬೇಗ ಕಪ್ಪಾಗುತ್ತದೆ, ಅದನ್ನು ಗಾಳಿಯಾಡದ ಪಾಕೀಟಿನಲ್ಲಿ ಇಡಿ. ಮುತ್ತಿಗೆ ಮಾತ್ರ ಬಟ್ಟೆಯ ಚೀಲವೇ ಬೇಕು. ಮುತ್ತಿನ ಸರವನ್ನು ಮೊಳೆಗೆ ತೂಗು ಹಾಕಬೇಡಿ, ತನ್ನ ತೂಕಕ್ಕೇ ದಾರ ಉದ್ದವಾಗುತ್ತದೆ. ದಿನಾ ಹಾಕುವ ಸರವಾದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಿಚ್ಚಿ ಹೊಸ ದಾರಕ್ಕೆ ಪೋಣಿಸಿ. ಹಳೆಯ ಕಾಲದವರು ಕರಿಮಣಿಯನ್ನು ಆಗಾಗ ಹೊಸದಾಗಿ ಪೋಣಿಸಿಕೊಳ್ಳುತ್ತಿದ್ದುದರ ಜಾಣತನ ಇದೇ: ಹರಿಯುವ ತನಕ ಕಾಯುತ್ತಿರಲಿಲ್ಲ.

ತಪ್ಪು ಕಲ್ಪನೆ 12: “ಮನ್ಯಾಗ ಕೂತು ಮಣಿ ಪೋಣಸ್ರಿ, ತಿಂಗಳಿಗೆ ಇಪ್ಪತ್ತ ಸಾವಿರ ಗ್ಯಾರಂಟಿ.”

ವಾಸ್ತವ: ಗ್ಯಾರಂಟಿ ಕೊಡುವವರ ಮೇಲೆಯೇ ಮೊದಲು ಸಂಶಯ ಪಡಿ. “ಮಣಿ ನಾವೇ ಕಳಿಸುತ್ತೇವೆ, ಸರ ನಾವೇ ಕೊಳ್ಳುತ್ತೇವೆ, ನೋಂದಣಿಗೆ ಇಷ್ಟು ಹಣ ಹಾಕಿ” ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ ಹಣ ಹಾಕಬೇಡಿ. ಕೆಲಸ ಕೊಡುವವರು ಕೂಲಿ ಕೊಡಬೇಕು, ಕೆಲಸ ಮಾಡುವವರಿಂದ ಫೀ ಕೇಳುವುದು ವ್ಯಾಪಾರವಲ್ಲ. ಮೋಸ ಹೋದದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ ಅದು.

ಪ್ರಾಮಾಣಿಕ ಗಳಿಕೆ ಇಲ್ಲವೆಂದಲ್ಲ, ಲೆಕ್ಕ ಬೇಕು. ಒಂದು ಸರಕ್ಕೆ ಮಣಿ 80, ದಾರ-ಹುಕ್ಕು 20, ಡಬ್ಬಿ 10 ರೂಪಾಯಿ ಎಂದು ಹಿಡಿಯೋಣ. ಎರಡು ಗಂಟೆಯ ಕೆಲಸಕ್ಕೆ ಗಂಟೆಗೆ 60ರಂತೆ ಕೂಲಿ 120. ಅಸಲೇ 230 ಆಯಿತು. ಇದನ್ನು 150ಕ್ಕೆ ಮಾರಿ “ನಲವತ್ತು ಉಳೀತು” ಎನ್ನುವವರು ತಮ್ಮ ಕೂಲಿಯನ್ನೇ ಬಿಟ್ಟುಕೊಟ್ಟಿರುತ್ತಾರೆ. ಯಂತ್ರದಲ್ಲಿ ಸಾವಿರಗಟ್ಟಲೆ ಬರುವ ಸರದ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಲು ಹೋಗಬೇಡಿ. ಅಳತೆಗೆ ತಕ್ಕಂತೆ ಮಾಡಿಕೊಡುವುದು, ಸೀರೆಯ ಅಂಚು ನೋಡಿ ಬಣ್ಣ ಕೂಡಿಸುವುದು, ಹರಿದ ಸರ ಮತ್ತೆ ಪೋಣಿಸಿಕೊಡುವುದು ಯಂತ್ರದಿಂದ ಆಗದ ಕೆಲಸ. ಸರ ರಿಪೇರಿಗೆ ಕೈ ಹಾಕುವವರು ನಗರದಲ್ಲಿ ಕಡಿಮೆಯಾಗಿದ್ದಾರೆ, ಗಿರಾಕಿ ಕಡಿಮೆಯಾಗಿಲ್ಲ.

ಕ್ರಮವಾಗಿ ಕಲಿಯಬೇಕೆನ್ನುವವರಿಗೆ ದಾರಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಧಾರವಾಡದಲ್ಲಿದೆ. ಇದೇ ಮಾದರಿಯಲ್ಲಿ ದೇಶದೆಲ್ಲೆಡೆ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳ ಪಟ್ಟಿಯಲ್ಲಿ ಕೃತಕ ಆಭರಣ ತಯಾರಿಕೆಯ 13 ದಿನದ ತರಬೇತಿಯೂ ಇದೆ. ಕಲಿಕೆ ಉಚಿತ. ಮುಂದಿನ ತಂಡ ಯಾವಾಗ ಎಂಬುದನ್ನು ಅಲ್ಲೇ ಹೋಗಿ ವಿಚಾರಿಸುವುದು ಲೇಸು.

ಇಷ್ಟೆಲ್ಲ ಓದಿ ಸಾಮಾನಿನ ಪಟ್ಟಿ ದೊಡ್ಡದಾದೀತು ಎಂದು ಹೆದರಬೇಡಿ. ಒಂದು ಮೂತಿ ಪಕ್ಕಡು, ಒಂದು ದುಂಡು ಮೂತಿಯದು, ಒಂದು ತಂತಿ ಕತ್ತರಿ, ಎರಡು ಸಣ್ಣ ಸೂಜಿ, ಅಳತೆ ಟೇಪು, ಹಳೆಯ ಟಾವೆಲ್. ಆರಂಭಕ್ಕೆ ಇದಿಷ್ಟು ಸಾಕು. ಮಣಿಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ ಒಳ್ಳೆಯ ದಾರಕ್ಕೆ ಕೊಡಿ. ನಿಮ್ಮ ಕೈಯ ಮೊದಲ ಸರವನ್ನು ಯಾರಿಗೂ ಮಾರಬೇಡಿ, ಉಡುಗೊರೆಯನ್ನೂ ಕೊಡಬೇಡಿ. ನೀವೇ ಒಂದು ತಿಂಗಳು ದಿನಾ ಹಾಕಿಕೊಂಡು ಓಡಾಡಿ. ಎಲ್ಲಿ ಸವೆಯಿತು, ಎಲ್ಲಿ ಜಾರಿತು, ಎಲ್ಲಿ ಚುಚ್ಚಿತು ಎಂಬುದು ಆಗ ತಿಳಿಯುತ್ತದೆ. ಎರಡನೇ ಸರಕ್ಕೆ ಬೆಲೆ ಹೇಳುವ ಹಕ್ಕು ಅಲ್ಲಿಂದ ಬರುತ್ತದೆ.